ಪೈಲಟ್‌ನದೇ ತಪ್ಪು, ಸರಿ. ಆಮೇಲೆ?

ಜಗತ್ತಿನಲ್ಲಿ ಎರಡು ಮಂಗಳೂರುಗಳಿವೆ ಎಂದು ನನ್ನ ಚಿಕ್ಕಮ್ಮನಿಗೆ ಗೊತ್ತಾದದ್ದು ಕಳೆದ ವರ್ಷ. ಒಂದು, ಪುತ್ತೂರಿನಲ್ಲಿ ಬಸ್ಸು ಹತ್ತಿದರೆ ಸಿಗುವ ನಮ್ಮ ಮಂಗಳೂರು. ಇನ್ನೊಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನಿಂದ ಉತ್ತರಕ್ಕಿದೆ. ಇಂಗ್ಲಿಷಿನಲ್ಲಿ ನಮ್ಮೂರಿನ ಹಳೆಯ ಕಾಗುಣಿತವೇ ಅದರದ್ದೂ. ಅಲ್ಲೊಂದು ಸಣ್ಣ ವಿಮಾನ ನಿಲ್ದಾಣವಿದೆ, ಕಂಟ್ರೋಲ್ ಟವರ್ ಇಲ್ಲ. ಚಿಕ್ಕಮ್ಮನ ಮಗ ಅದೇ ರಾಜ್ಯದ ಬೇರೊಂದು ಊರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಅಡಿಕೆ ತೋಟದ ಮೇಲೆ ಸಾಲ ತೆಗೆದು ಕಳಿಸಿದ ಮಗ. ಅವನು ಇಳಿದು ಏರುವ ನಿಲ್ದಾಣದಲ್ಲೂ ಟವರ್ ಇಲ್ಲ.

"ಹಾಗಾದ್ರೆ ಇಳಿಲಿಕ್ಕೆ ಹೇಳುವವರು ಯಾರು?" ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಯಾರೂ ಇಲ್ಲ ಚಿಕ್ಕಮ್ಮ, ಎಲ್ಲರೂ ರೇಡಿಯೊದಲ್ಲಿ ತಾವು ಎಲ್ಲಿದ್ದೇವೆ ಅಂತ ಹೇಳ್ತಾರೆ, ಉಳಿದವರು ಕೇಳಿಸಿಕೊಂಡು, ಕಿಟಕಿಯಾಚೆ ನೋಡಿಕೊಂಡು ಹೋಗ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ ಪ್ರಶ್ನೆ ಹೀಗಿತ್ತು: "ಅಂದ್ರೆ ಎಂತಾದ್ರೂ ಆದ್ರೆ ಇವನದ್ದೇ ತಪ್ಪು ಅಂತ ಆಗ್ತದಲ್ಲ?"

ಏಳನೇ ಕ್ಲಾಸಿನವರೆಗೆ ಓದಿದ ಚಿಕ್ಕಮ್ಮ ಒಂದೇ ಏಟಿಗೆ ತಲುಪಿದ ಈ ಜಾಗಕ್ಕೆ ಬರಲು ನನಗೆ ನಾಲ್ಕು ವರ್ಷ ಹಿಡಿದಿದೆ. ನಾನು ಭಾಷಾಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ವಿಷಯ ಅಪಘಾತಗಳ ವರದಿಯ ಭಾಷೆ. ಶುರು ಮಾಡಿದ್ದು ನಮ್ಮ ಪತ್ರಿಕೆಗಳ ರಸ್ತೆ ಅಪಘಾತದ ಸುದ್ದಿಗಳಿಂದ. 'ಚಾಲಕನ ನಿಯಂತ್ರಣ ತಪ್ಪಿ ಬಸ್ ಪಲ್ಟಿ', 'ಚಾಲಕನ ಅಜಾಗರೂಕತೆಯೇ ಕಾರಣ ಎನ್ನಲಾಗಿದೆ', 'ಅತಿವೇಗ ಮತ್ತು ನಿರ್ಲಕ್ಷ್ಯದಿಂದ ಚಲಾಯಿಸಿ' ಎಂಬಂಥ ಸಾಲುಗಳು. ನೂರಾರು ಸುದ್ದಿಗಳನ್ನು ಕತ್ತರಿಸಿ ಅಂಟಿಸಿಕೊಂಡ ಮೇಲೆ ನನಗೆ ಕಂಡದ್ದು ಇಷ್ಟು: ಚಾಲಕ ಬದುಕಿದ್ದರೆ ಅವನು ಪರಾರಿಯಾಗುತ್ತಾನೆ, ಸತ್ತಿದ್ದರೆ ಅವನು ಕಾರಣನಾಗುತ್ತಾನೆ. ತಿರುವಿಗೆ ತಡೆಗೋಡೆ ಇರಲಿಲ್ಲ ಎಂಬ ಮಾತು ಇದ್ದರೆ ಕೊನೆಯ ಪ್ಯಾರಾದಲ್ಲಿ, 'ಸ್ಥಳೀಯರ ಆರೋಪ'ವಾಗಿ ಇರುತ್ತದೆ.

ಅಲ್ಲಿಂದ ವಿಮಾನ ಅಪಘಾತದ ವರದಿಗಳಿಗೆ ಹೋದೆ, ಅವುಗಳ ಭಾಷೆ ಬೇರೆಯಿರಬಹುದೆಂಬ ಆಸೆಯಿಂದ. ವರದಿಗಳ ಭಾಷೆ ನಿಜಕ್ಕೂ ಬೇರೆ. ಅವುಗಳನ್ನು ನಾವು ಓದುವ ರೀತಿ ಮಾತ್ರ ಅದೇ. ಇನ್ನೂರು ಪುಟದ ವರದಿಯನ್ನು 'ಪೈಲಟ್ ತಪ್ಪು' ಎಂಬ ಎರಡು ಪದಕ್ಕೆ ಇಳಿಸಿ ಕೈ ತೊಳೆದುಕೊಳ್ಳುತ್ತೇವೆ. ಈ ಎರಡು ಪದಗಳ ಮೇಲೆ ನನಗೆ ಜಗಳವಿದೆ.

ಜಗಳ ಶುರುವಾದದ್ದು ನಮ್ಮದೇ ಮಂಗಳೂರಿನಿಂದ. 2010ರ ಮೇ 22, ಶನಿವಾರ ಬೆಳಿಗ್ಗೆ. ನನಗಾಗ ಹನ್ನೆರಡು ವರ್ಷ, ಬೇಸಿಗೆ ರಜೆ. ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಂಚಿನಿಂದ ಕೆಳಗುರುಳಿ 158 ಜನ ತೀರಿಕೊಂಡರು, ಎಂಟು ಜನ ಉಳಿದರು. ನಮ್ಮ ಸುತ್ತಮುತ್ತಲಿನ ಊರುಗಳಲ್ಲಿ ಆ ದಿನ ಅಳು ಕೇಳದ ಬೀದಿ ಕಡಿಮೆ. ವರದಿ ಬಂದ ಮೇಲೆ ಎಲ್ಲರ ಬಾಯಲ್ಲಿ ಉಳಿದದ್ದು ಒಂದೇ ಪದ, ಗೊರಕೆ. ಕ್ಯಾಪ್ಟನ್ ನಿದ್ದೆ ಮಾಡಿದ್ದ, ಗೊರಕೆಯ ಸದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಸಿಕ್ಕಿದೆ. ಅದು ಸುಳ್ಳಲ್ಲ. ಕೋ-ಪೈಲಟ್ ಮೂರು ಬಾರಿ 'ಇಳಿಸಬೇಡಿ, ಮತ್ತೆ ಮೇಲೇರೋಣ' ಎಂದರೂ ಕ್ಯಾಪ್ಟನ್ ಕೇಳಲಿಲ್ಲ. ಅದೂ ಸುಳ್ಳಲ್ಲ.

ಆದರೆ ಅದೇ ವರದಿಯಲ್ಲಿ ಇರುವ ಈ ಸಂಗತಿಗಳನ್ನು ನಮ್ಮೂರಿನ ಎಷ್ಟು ಜನ ಬಲ್ಲರು? ಮಂಗಳೂರಿನ ರಾಡಾರ್ ಎರಡು ದಿನ ಮೊದಲೇ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ನಿಲ್ದಾಣದ ಹತ್ತಿರ ಬಂದ ಮೇಲೆ. ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದ ವಿಮಾನ ಆತುರದಲ್ಲಿ ಇಳಿಯಬೇಕಾಯಿತು. ರನ್‌ವೇ ದಾಟಿದ ಮೇಲೆ ರೆಕ್ಕೆ ಬಡಿದದ್ದು ಆಂಟೆನಾ ಹೊತ್ತಿದ್ದ ಕಾಂಕ್ರೀಟ್ ಕಟ್ಟೆಗೆ. ಕೋ-ಪೈಲಟ್ ಬಾಯಲ್ಲಿ ಹೇಳಿದ, ಕೈಯಲ್ಲಿ ಯಾಕೆ ಹಿಡಿಯಲಿಲ್ಲ? ಹಿಡಿಯುವ ಅಧಿಕಾರ ಅವನಿಗಿದೆಯೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು ಎನ್ನುತ್ತದೆ ವರದಿ. ಇದೆಲ್ಲ ಗೊರಕೆಯಲ್ಲಿ ಮುಳುಗಿಹೋಯಿತು.

ಕನ್ನಡದ 'ತಪ್ಪು' ಬಹಳ ದೊಡ್ಡ ಪದ. ಲೆಕ್ಕದಲ್ಲಿ ಆಗುವುದೂ ತಪ್ಪು, ಕೋರ್ಟಿನಲ್ಲಿ ಒಪ್ಪಿಕೊಳ್ಳುವುದೂ ತಪ್ಪು. ಕೈತಪ್ಪಿದ್ದಕ್ಕೂ ಮೋಸ ಮಾಡಿದ್ದಕ್ಕೂ ಒಂದೇ ಮಾತು. ಅಷ್ಟೇ ಅಲ್ಲ, 'ಅಪಾಯ ತಪ್ಪಿತು' ಎನ್ನುವಾಗ ಬರುವುದೂ ಇದೇ ಕ್ರಿಯಾಪದ. ನಮ್ಮ ಕಡೆ ದೇವಸ್ಥಾನದಲ್ಲಿ, ದೈವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕುವ ಪದ್ಧತಿ ಇದೆ. ಏನೋ ಲೋಪವಾಯಿತು ಎಂದು ಹಣ ಹಾಕಿ ಕೈ ಮುಗಿದರೆ ಮನೆಯವರಿಗೆಲ್ಲ ನಿರಾಳ. ಸತ್ತ ಪೈಲಟ್‌ನ ಹೆಸರನ್ನು ನಾವು ಹಾಗೇ ಡಬ್ಬಿಗೆ ಹಾಕುತ್ತೇವೆ. ಟವರ್ ಕಟ್ಟದವರು, ರಾಡಾರ್ ದುರಸ್ತಿ ಮಾಡಿಸದವರು, ಅಗ್ನಿಶಾಮಕ ಸಿಬ್ಬಂದಿ ಇಡದವರು ಎಲ್ಲರಿಗೂ ನಿರಾಳ.

ಟವರ್ ಇದ್ದ ಮಂಗಳೂರಿನಲ್ಲೇ ಹೀಗಾದರೆ, ಇಲ್ಲದ ಕಡೆ? ಅಂಥ ನಿಲ್ದಾಣಗಳು ಅಪರೂಪವೆಂದು ಭಾವಿಸಬೇಡಿ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ವಿಮಾನ ನಿಲ್ದಾಣಗಳು ಸುಮಾರು 5000. ಟವರ್ ಇರುವುದು ಅವುಗಳಲ್ಲಿ ಹತ್ತನೇ ಒಂದು ಭಾಗಕ್ಕೆ. ನಮ್ಮ ದೇಶದಲ್ಲೂ ಹಾರಾಟ ಕಲಿಸುವ, ಗಣ್ಯರ ಖಾಸಗಿ ವಿಮಾನ ಬಂದಿಳಿಯುವ ಏರ್‌ಸ್ಟ್ರಿಪ್‌ಗಳಲ್ಲಿ ಎಷ್ಟೋ ಕಡೆ ಟವರ್ ಇಲ್ಲ. ಅಲ್ಲಿನ ವ್ಯವಸ್ಥೆ ನಮ್ಮ ಘಾಟಿಯ ತಿರುವಿನ ಹಾರ್ನಿನಂತೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು, ಜಾಗ, ಉದ್ದೇಶ ಹೇಳಬೇಕು. ಒಮ್ಮೆಗೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವುದು ಬರೀ ಕೀರಲು. ಯಾರಾದರೂ ಏನೂ ಹೇಳದೆ ಹೋದರೆ ಅವರಿದ್ದಾರೆಂದು ತಿಳಿಸುವವರು ಯಾರೂ ಇಲ್ಲ.

ಈ ವ್ಯವಸ್ಥೆ ಹೇಗೆ ಕುಸಿಯುತ್ತದೆಂದು ತಿಳಿಯಲು ಕ್ವಿನ್ಸಿಯ ಒಂದು ನಿಮಿಷದ ಮಾತುಕತೆ ಸಾಕು. ನಾನು ಅದನ್ನು ಓದಿದ್ದಕ್ಕೆ ಲೆಕ್ಕವಿಲ್ಲ.

ಕ್ವಿನ್ಸಿ ಅಮೆರಿಕದ ಇಲಿನಾಯ್ ರಾಜ್ಯದ ಸಣ್ಣ ಪಟ್ಟಣ. 1996ರ ನವೆಂಬರ್ 19ರ ಸಂಜೆ ಐದು ಗಂಟೆ, ಮಬ್ಬುಗತ್ತಲೆ. ಹತ್ತು ಪ್ರಯಾಣಿಕರು, ಇಬ್ಬರು ಪೈಲಟ್‌ಗಳಿದ್ದ ಬೀಚ್‌ಕ್ರಾಫ್ಟ್ 1900 ವಿಮಾನ ಇಳಿಯಲು ಬರುತ್ತಿದೆ. ಅದು ಇಳಿಯಲಿರುವ ರನ್‌ವೇಯನ್ನು ಇನ್ನೊಂದು ರನ್‌ವೇ ಅಡ್ಡ ಹಾಯುತ್ತದೆ. ಆ ಇನ್ನೊಂದರ ತುದಿಯಲ್ಲಿ ಎರಡು ವಿಮಾನಗಳು ಹಿಂದೆ ಮುಂದೆ ನಿಂತಿವೆ. ಮುಂದಿನದು ಕಿಂಗ್ ಏರ್, ಎರಡು ಎಂಜಿನ್ನಿನದು, ಒಳಗೆ ಇಬ್ಬರು. ಹಿಂದಿನದು ಚೆರೋಕೀ ಎಂಬ ಚಿಕ್ಕ ವಿಮಾನ, ಅದರ ಪೈಲಟ್ ಹೊಸಬ.

ಕಿಂಗ್ ಏರ್‌ನವರು ರನ್‌ವೇಗೆ ಹೋಗುತ್ತಿರುವುದಾಗಿ ಮೊದಲೇ ಹೇಳಿದ್ದರು. ಇಳಿಯುತ್ತಿದ್ದ ಬೀಚ್‌ಕ್ರಾಫ್ಟ್‌ನ ಕ್ಯಾಪ್ಟನ್‌ಗೆ ಅದು ಕೇಳಿಸಿತ್ತು. ಆಕೆ ಜವಾಬ್ದಾರಿಯಿಂದಲೇ ರೇಡಿಯೊದಲ್ಲಿ ಕೇಳಿದರು: ರನ್‌ವೇ ನಾಲ್ಕರಲ್ಲಿರುವ ವಿಮಾನ ಅಲ್ಲೇ ನಿಲ್ಲುತ್ತದೆಯೋ, ಟೇಕಾಫ್ ಮಾಡುತ್ತದೆಯೋ? ಉತ್ತರ ಬಂತು. ಆದರೆ ಉತ್ತರ ಕೊಟ್ಟದ್ದು ಕಿಂಗ್ ಏರ್ ಅಲ್ಲ, ಅದರ ಹಿಂದೆ ನಿಂತಿದ್ದ ಚೆರೋಕೀ. ತನ್ನ ನೋಂದಣಿ ಸಂಖ್ಯೆ ಹೇಳಿ, ನಾನು ಟೇಕಾಫ್‌ಗಾಗಿ ಕಾಯುತ್ತಿದ್ದೇನೆ ಎಂದ. ಅವನ ಮಾತಿನ ನಡುವೆಯೇ ಬೀಚ್‌ಕ್ರಾಫ್ಟ್‌ನ ಕಾಕ್‌ಪಿಟ್‌ನಲ್ಲಿ ಯಂತ್ರದ ಧ್ವನಿ ಎತ್ತರವನ್ನು ಕೂಗಿತು, 'ಇನ್ನೂರು' ಎಂದು. ಅದರ ಜೊತೆಗೆ ಅವನ ಮಾತಿನ ಒಂದು ಚೂರು ಹಾಳಾಯಿತು, ಮಾತಿನ ಕೊನೆಯಲ್ಲಿ 'ಕಿಂಗ್ ಏರ್' ಎಂಬ ಪದ ಮಾತ್ರ ಉಳಿಯಿತು. ಕ್ಯಾಪ್ಟನ್‌ಗೆ ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಈಗಲೇ ಆ ಕೂಡುದಾರಿ ದಾಟಿಬಿಡುತ್ತೇವೆ, ಉಪಕಾರವಾಯಿತು ಎಂದರು. ಅಲ್ಲ, ಉತ್ತರ ಕೊಟ್ಟವನು ನಾನು ಎಂದು ಚೆರೋಕೀಯವನು ತಿದ್ದಲಿಲ್ಲ. ಕಿಂಗ್ ಏರ್‌ನಿಂದ ಮಾತೇ ಇಲ್ಲ. ಹೆಚ್ಚುಕಡಿಮೆ ಅರ್ಧ ನಿಮಿಷದಲ್ಲಿ ಕಿಂಗ್ ಏರ್ ಓಡಲು ಶುರುಮಾಡಿ ಎರಡೂ ವಿಮಾನಗಳು ಆ ಕೂಡುದಾರಿಯಲ್ಲಿ ಸೇರಿದವು.

ಭಾಷೆ ಓದುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಪ್ರಶ್ನೆ ಕೇಳಿದ ತಕ್ಷಣ ಆ ಜಾಗದಲ್ಲಿ ಬಂದು ಕೂರುವ ಮಾತನ್ನು ನಾವೆಲ್ಲ ಉತ್ತರವೆಂದೇ ತಗೊಳ್ಳುತ್ತೇವೆ. ಕತ್ತಲೆಯಲ್ಲಿ ಬಾಗಿಲು ಬಡಿದು 'ಯಾರು?' ಎಂದಾಗ 'ನಾನು' ಎಂಬ ದನಿ ಬಂದರೆ ತೆರೆಯುವುದಿಲ್ಲವೇ? ಮನುಷ್ಯರ ಮಾತುಕತೆ ನಡೆಯುವುದೇ ಈ ನಂಬಿಕೆಯ ಮೇಲೆ. ಟವರಿನಲ್ಲಿ ಕೂತ ನಿಯಂತ್ರಕ ಮಾಡುವ ಮುಖ್ಯ ಕೆಲಸ ಈ ನಂಬಿಕೆಯನ್ನು ಅನುಮಾನಿಸುವುದು. ಹೇಳಿದ್ದನ್ನು ಮರಳಿ ಹೇಳಿಸುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಉತ್ತರ ಕೊಟ್ಟವನು ಇವನೇ ಹೌದೋ ಎಂದು ಕಣ್ಣಿಂದ ನೋಡುತ್ತಾನೆ. ಕ್ವಿನ್ಸಿಯಲ್ಲಿ ಆ ಮೂರನೆಯ ವ್ಯಕ್ತಿ ಇರಲಿಲ್ಲ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತೀರ್ಮಾನ: ಕಿಂಗ್ ಏರ್‌ನ ಪೈಲಟ್‌ಗಳು ರೇಡಿಯೊವನ್ನು ಸರಿಯಾಗಿ ಆಲಿಸಲಿಲ್ಲ ಅಥವಾ ಸುತ್ತ ಸರಿಯಾಗಿ ನೋಡಲಿಲ್ಲ. ಪೈಲಟ್ ತಪ್ಪು. ನಾನು ಅದನ್ನು ಒಪ್ಪುತ್ತೇನೆ. ಅವರು ಟೇಕಾಫ್ ಶುರುಮಾಡುವ ಮೊದಲು ಒಂದು ಮಾತು ಹೇಳಿದ್ದರೆ, ತಲೆ ತಿರುಗಿಸಿ ನೋಡಿದ್ದರೆ ಹದಿನಾಲ್ಕು ಜೀವ ಉಳಿಯುತ್ತಿತ್ತು.

ಒಪ್ಪಿ ಮುಂದೆ ಓದಿ. ಬೀಚ್‌ಕ್ರಾಫ್ಟ್‌ನಲ್ಲಿದ್ದ ಹನ್ನೆರಡು ಜನ ಡಿಕ್ಕಿಯಿಂದ ಸಾಯಲಿಲ್ಲ. ಅದು ಬದುಕಿ ಉಳಿಯಬಹುದಾದ ಡಿಕ್ಕಿಯಾಗಿತ್ತು. ಸತ್ತದ್ದು ಆಮೇಲಿನ ಹೊಗೆಯಿಂದ. ನಿಲ್ದಾಣದಲ್ಲಿದ್ದ ಮೂವರು ಪೈಲಟ್‌ಗಳು ಓಡಿ ಬಂದರು. ಕ್ಯಾಪ್ಟನ್ ಕಿಟಕಿಯಿಂದ ತಲೆ ಹೊರಹಾಕಿ ಬಾಗಿಲು ತೆಗೆಯಿರಿ ಎಂದು ಕೇಳಿಕೊಂಡರು. ಬಾಗಿಲು ತೆರೆಯಲಿಲ್ಲ. ಅಗ್ನಿಶಾಮಕ ದಳ ಪಟ್ಟಣದಿಂದ ಬಂದು ತಲುಪುವಾಗ ಹದಿನಾಲ್ಕು ನಿಮಿಷ ಕಳೆದಿತ್ತು. ನಿಲ್ದಾಣದಲ್ಲಿ ಬೆಂಕಿ ಆರಿಸುವವರು ಯಾಕಿರಲಿಲ್ಲ? ಮೂವತ್ತಕ್ಕಿಂತ ಹೆಚ್ಚು ಸೀಟಿನ ವಿಮಾನ ಬರುವ ನಿಲ್ದಾಣಕ್ಕೆ ಮಾತ್ರ ಅಂಥ ನಿಯಮ ಅನ್ವಯವಾಗುತ್ತಿತ್ತು. ಈ ವಿಮಾನದಲ್ಲಿ ಇದ್ದದ್ದು ಹತ್ತೊಂಬತ್ತು ಸೀಟು.

ಮಂಡಳಿ ಇದನ್ನೂ ಬರೆಯಿತು. ಜೀವಹಾನಿ ಹೆಚ್ಚಲು ಬೆಂಕಿ ಆರಿಸುವ ವ್ಯವಸ್ಥೆಯ ಕೊರತೆ ಮತ್ತು ತೆರೆಯದ ಬಾಗಿಲು ಕಾರಣ ಎಂದು ಸ್ಪಷ್ಟವಾಗಿ ಬರೆಯಿತು. ಹತ್ತರಿಂದ ಮೂವತ್ತು ಸೀಟಿನ ನಿಗದಿತ ವಿಮಾನಗಳು ಬರುವ ನಿಲ್ದಾಣಗಳನ್ನು ಸುರಕ್ಷತಾ ನಿಯಮದೊಳಗೆ ತಂದದ್ದು 2004ರಲ್ಲಿ. ಹೆಚ್ಚುಕಡಿಮೆ ಎಂಟು ವರ್ಷ! ಕಿಂಗ್ ಏರ್‌ನವರು ಕಾದು ನೋಡಬೇಕಿದ್ದದ್ದು ಕೆಲವು ಸೆಕೆಂಡು. ನೋಡದ್ದಕ್ಕೆ 'ತಪ್ಪು' ಎಂಬ ಹೆಸರಿದೆ. ಎಂಟು ವರ್ಷಕ್ಕೆ ಹೆಸರೇ ಇಲ್ಲ.

ನನ್ನ ಜೊತೆ ಹಾಸ್ಟೆಲಿನಲ್ಲಿರುವ ಎಂಜಿನಿಯರಿಂಗ್ ಸಂಶೋಧಕನೊಬ್ಬ ಈ ವಾದಕ್ಕೆ ಪ್ರತಿ ಸಲವೂ ಹೇಳುವುದು, "ಕಣ್ಣು ಬಿಟ್ಟು ಹಾರಿಸಿದರೆ ಆಗುತ್ತೆ ಕಣೇ, ಆಕಾಶ ಅಷ್ಟು ದೊಡ್ಡದಿದೆ." ದೊಡ್ಡದೇನೋ ಹೌದು. ಆದರೆ ನಿಲ್ದಾಣದ ಸುತ್ತ ಅದು ಸಂತೆಬೀದಿಯಷ್ಟು ಕಿರಿದಾಗುತ್ತದೆ, ಎಲ್ಲರೂ ಒಂದೇ ಪಟ್ಟಿ ನೆಲಕ್ಕೆ ಬರಬೇಕಲ್ಲ. ಇನ್ನು ಕಣ್ಣಿನ ವಿಷಯ. ಆಸ್ಟ್ರೇಲಿಯಾದ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ 1991ರಲ್ಲೇ 'ನೋಡಿ ತಪ್ಪಿಸಿಕೊಳ್ಳುವ' ತತ್ವದ ಮಿತಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಡಿಕ್ಕಿಯ ಹಾದಿಯಲ್ಲಿರುವ ಇನ್ನೊಂದು ವಿಮಾನ ನಮ್ಮ ಗಾಜಿನ ಮೇಲೆ ಚಲಿಸುವುದೇ ಇಲ್ಲ, ಒಂದೇ ಕಡೆ ಚುಕ್ಕೆಯಾಗಿ ನಿಂತಿರುತ್ತದೆ. ನಮ್ಮ ಕಣ್ಣು ಪಳಗಿರುವುದು ಚಲಿಸುವುದನ್ನು ಹಿಡಿಯಲು. ಆ ಚುಕ್ಕೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಕಂಡು, ಗುರುತಿಸಿ, ನಿರ್ಧರಿಸಿ, ವಿಮಾನ ತಿರುಗುವವರೆಗೆ 12.5 ಸೆಕೆಂಡು ಬೇಕೆಂಬುದು ಚಾಲ್ತಿಯಲ್ಲಿರುವ ಲೆಕ್ಕ. ತಲಾ 120 ನಾಟ್ ವೇಗದ ಎರಡು ಪುಟ್ಟ ವಿಮಾನಗಳು ಎದುರುಬದುರಾದರೆ ಅಷ್ಟರಲ್ಲಿ ನಡುವಿನ ಒಂದೂವರೆ ಕಿಲೋಮೀಟರ್ ಕರಗಿರುತ್ತದೆ. ಎಲ್ಲಿ ನೋಡಬೇಕೆಂದು ಮೊದಲೇ ಗೊತ್ತಿದ್ದವರ ಹುಡುಕಾಟ ಗೊತ್ತಿಲ್ಲದವರಿಗಿಂತ ಎಂಟು ಪಟ್ಟು ಫಲಕಾರಿ ಎಂಬ ಪ್ರಯೋಗವನ್ನೂ ಆ ಅಧ್ಯಯನ ಉಲ್ಲೇಖಿಸುತ್ತದೆ. ಎಲ್ಲಿ ನೋಡಬೇಕೆಂದು ಹೇಳಲು ಒಬ್ಬರು ಬೇಕು, ಇಲ್ಲವೇ ಒಂದು ಯಂತ್ರ ಬೇಕು.

ಅಧ್ಯಯನ ಬಂದು ಇಪ್ಪತ್ತೊಂಬತ್ತು ವರ್ಷವಾದ ಮೇಲೆ, ಅದೇ ದೇಶದಲ್ಲಿ, ಚಿಕ್ಕಮ್ಮನ ಆ ಎರಡನೇ ಮಂಗಳೂರಿನಲ್ಲಿ, 2020ರ ಫೆಬ್ರವರಿ 19ರಂದು ಎರಡು ತರಬೇತಿ ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾದವು. ಒಂದು ಅಲ್ಲಿಂದ ಹೊರಟದ್ದು, ಇನ್ನೊಂದು ಅಲ್ಲಿಗೆ ಬರುತ್ತಿದ್ದದ್ದು. ನಾಲ್ವರು ಸತ್ತರು. ದೂರದ ನಿಯಂತ್ರಕರು ಇಬ್ಬರಿಗೂ ಇನ್ನೊಬ್ಬರ ಬಗ್ಗೆ ತಿಳಿಸಿದ್ದರು. ಆದರೆ ನಿಯಂತ್ರಣವಿಲ್ಲದ ಆ ಆಕಾಶದಲ್ಲಿ ದೂರ ಕಾಯ್ದುಕೊಳ್ಳುವ ಹೊಣೆ ಪೈಲಟ್‌ಗಳದೇ. ಎರಡೂ ವಿಮಾನಗಳು ತಾವಿರುವ ಜಾಗವನ್ನು ಪ್ರತಿಕ್ಷಣ ಪ್ರಸಾರ ಮಾಡುವ ಎಡಿಎಸ್-ಬಿ ಎಂಬ ಸಾಧನ ಹೊತ್ತಿದ್ದವು. ಅದನ್ನು ಸ್ವೀಕರಿಸಿ ಪೈಲಟ್‌ಗೆ ತೋರಿಸುವ ಪರದೆ ಎರಡರಲ್ಲೂ ಇರಲಿಲ್ಲ, ಇರಬೇಕೆಂಬ ಕಡ್ಡಾಯವೂ ಇರಲಿಲ್ಲ. ಇಬ್ಬರೂ ತಾವೆಲ್ಲಿದ್ದೇವೆಂದು ಕೂಗುತ್ತಿದ್ದರು, ಇಬ್ಬರಿಗೂ ಕಿವಿ ಕೊಟ್ಟಿರಲಿಲ್ಲ.

ನನ್ನ ವಾದಕ್ಕೆ ಒಗ್ಗದ ಪ್ರಕರಣವನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್, 2022ರ ಆಗಸ್ಟ್ 18. ಅಲ್ಲೂ ಟವರ್ ಇಲ್ಲ. ಒಂದು ಪುಟ್ಟ ಸೆಸ್ನಾ 152 ನಿಯಮದಂತೆ ಸುತ್ತು ಹಾಕಿ ಇಳಿಯಲು ಬರುತ್ತಿತ್ತು. ಹಿಂದಿನಿಂದ ಎರಡು ಎಂಜಿನ್ನಿನ ಸೆಸ್ನಾ 340 ಸುಮಾರು 180 ನಾಟ್ ವೇಗದಲ್ಲಿ ನೇರ ನುಗ್ಗಿ ಬಂತು. ಮುಂದಿನವನು ರೇಡಿಯೊದಲ್ಲಿ ನೀವು ತೀರಾ ವೇಗವಾಗಿ ನನ್ನ ಹಿಂದೆ ಬರುತ್ತಿದ್ದೀರಿ ಎಂದ, ಇಳಿಯುವುದನ್ನು ಬಿಟ್ಟು ಮೇಲೇರಲು ಹೊರಟ. ಆದರೂ ಡಿಕ್ಕಿಯಾಯಿತು, ಮೂವರು ಸತ್ತರು. ಇಳಿಯುವ ವಿಮಾನಕ್ಕೆ ಅದು ವಿಪರೀತ ವೇಗ. ಇದನ್ನು ಪೈಲಟ್ ತಪ್ಪಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸತ್ತ ಮೂವರಲ್ಲಿ ಒಬ್ಬ ಎಲ್ಲವನ್ನೂ ಸರಿಯಾಗಿ ಮಾಡಿದ್ದ. ನೋಡಿದ, ಹೇಳಿದ, ತಪ್ಪಿಸಿಕೊಳ್ಳಲು ಹೊರಟ. ಪೈಲಟ್‌ಗಳು ತಪ್ಪು ಮಾಡದಿರಲಿ ಎಂದು ಬೋಧಿಸುವವರು ಈ ಪೈಲಟ್‌ಗೆ ಏನು ಬೋಧಿಸುತ್ತಾರೆ?

ಇಲ್ಲಿಗೆ ಬಂದಾಗ 'ಮನುಷ್ಯ ಅಂದಮೇಲೆ ತಪ್ಪು ಇದ್ದದ್ದೇ, ಏನು ಮಾಡಲಾಗುತ್ತದೆ' ಎಂಬ ವೈರಾಗ್ಯದ ಮಾತು ಬರುತ್ತದೆ. ಆ ಮಾತು ಹೇಳುವವರಿಗೆ ನಮ್ಮ ರೈಲ್ವೆ ಗೇಟುಗಳನ್ನು ನೆನಪಿಸುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದ ಜೀಪು ದಿನಾ ಒಂದು ಕಾವಲಿಲ್ಲದ ಗೇಟು ದಾಟುತ್ತಿತ್ತು. ಗೇಟು ಎಂದು ಕರೆಯುತ್ತಿದ್ದೆವು, ಗೇಟು ಇರಲಿಲ್ಲ. ಜೀಪು ನಿಲ್ಲುತ್ತಿತ್ತು, ಹಿಂದೆ ನೇತಾಡುತ್ತಿದ್ದ ಹುಡುಗ ಇಳಿದು ಹಳಿಯ ಮೇಲೆ ನಿಂತು ಎರಡೂ ಕಡೆ ನೋಡಿ ಕೈ ಬೀಸುತ್ತಿದ್ದ. ಅವನು ಮಾಡುತ್ತಿದ್ದದ್ದು ಕಾನೂನಿನ ಪಾಲನೆ ಎಂದು ನನಗೆ ಗೊತ್ತಾದದ್ದು ಇತ್ತೀಚೆಗೆ. ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಪ್ರಕಾರ ಕಾವಲಿಲ್ಲದ ಗೇಟಿನಲ್ಲಿ ವಾಹನ ನಿಲ್ಲಿಸಿ, ಕಂಡಕ್ಟರೋ ಕ್ಲೀನರೋ ಇಳಿದು ನಡೆದು ನೋಡಬೇಕು, ಅವರಿಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಚಂದದ ಕಾನೂನು. ಆದರೆ ಜೂನ್ ತಿಂಗಳ ನಮ್ಮೂರ ಮಳೆಯಲ್ಲಿ ಆ ಹುಡುಗ ಇಳಿಯುತ್ತಿರಲಿಲ್ಲ, ಕತ್ತು ಹೊರಗೆ ಹಾಕಿ 'ರೈಟ್' ಎನ್ನುತ್ತಿದ್ದ. ನಮಗೆ ಏನೂ ಆಗಲಿಲ್ಲ. ಆಗಿದ್ದರೆ ಅವನದ್ದೇ ತಪ್ಪು.

2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಅಂಥದೇ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಹದಿಮೂರು ಮಕ್ಕಳು ಸತ್ತರು. ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ ಎಂಬ ಸುದ್ದಿ ದೇಶವಿಡೀ ಹರಡಿತು. ಗೊರಕೆ, ಇಯರ್‌ಫೋನ್. ಆದರೆ ಆ ಸಲ ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಗೇಟುಗಳನ್ನು ಮುಚ್ಚುವ, ಕೆಳಸೇತುವೆ ಕಟ್ಟುವ, ಗೇಟ್‌ಮನ್ ನೇಮಿಸುವ ಕೆಲಸಕ್ಕೆ ವೇಗ ಬಂತು. 2019ರ ಜನವರಿ ಕೊನೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಉಳಿಯಲಿಲ್ಲ. ನಮ್ಮ ಚಾಲಕರೇನು ಒಂದೇ ವರ್ಷದಲ್ಲಿ ಜಾಗರೂಕರಾದರೇ? ಇಯರ್‌ಫೋನ್ ಬಿಟ್ಟರೇ? ಅದೇ ಚಾಲಕರು, ಅದೇ ಮಳೆ, ಅದೇ ಸೋಮಾರಿತನ. ಆದರೆ ಅವರ ಎಡವಟ್ಟಿಗೂ ರೈಲಿಗೂ ನಡುವೆ ಒಂದು ಕಬ್ಬಿಣದ ಕೋಲು ಬಂತು. ದಶಕಗಳ ಕಾಲ 'ಚಾಲಕನ ತಪ್ಪು' ಎಂದು ಬರೆದದ್ದು ಆ ಕೋಲಿನ ಖರ್ಚನ್ನು ಮುಂದೂಡುವುದಕ್ಕೆ ಬಳಕೆಯಾಯಿತು, ಅಷ್ಟೇ.

ಹಾಗಾದರೆ ಪ್ರತಿ ಏರ್‌ಸ್ಟ್ರಿಪ್ಪಿಗೂ ಟವರ್ ಕಟ್ಟಬೇಕೇ? ನಾನು ಹಾಗೆ ಹೇಳುತ್ತಿಲ್ಲ. ದಿನಕ್ಕೆ ನಾಲ್ಕು ವಿಮಾನ ಬರುವಲ್ಲಿ ಟವರ್ ಕಟ್ಟಿ ನಿಯಂತ್ರಕರನ್ನು ಕೂರಿಸುವುದು ದುಡ್ಡು ಸುರಿದಂತೆ ಎಂಬುದು ನಿಜ, ನಾನು ಅರ್ಥಶಾಸ್ತ್ರ ಓದದಿದ್ದರೂ ಅಷ್ಟು ತಿಳಿಯುತ್ತದೆ. ಆದರೆ ಟವರ್ ಮತ್ತು ಏನೂ ಇಲ್ಲ ಎಂಬ ಎರಡರ ನಡುವೆ ದೊಡ್ಡ ಬಯಲಿದೆ. ನಾರ್ವೆಯ ಅನೇಕ ಪುಟ್ಟ ನಿಲ್ದಾಣಗಳಲ್ಲಿ ನಿಯಂತ್ರಕರಿಲ್ಲ, ಮಾಹಿತಿ ಕೊಡುವವರಿದ್ದಾರೆ. ಅವರು ಆಜ್ಞೆ ಮಾಡುವುದಿಲ್ಲ. ರನ್‌ವೇ ಮೇಲೆ ಯಾರಿದ್ದಾರೆ, ಯಾರು ಬರುತ್ತಿದ್ದಾರೆ ಎಂದು ಹೇಳುತ್ತಾರೆ. ಕ್ವಿನ್ಸಿಯಲ್ಲಿ ಬೇಕಿದ್ದದ್ದು ಅಷ್ಟೇ, 'ಉತ್ತರ ಕೊಟ್ಟದ್ದು ಕಿಂಗ್ ಏರ್ ಅಲ್ಲ' ಎಂಬ ಒಂದು ವಾಕ್ಯ. ಸ್ವೀಡನ್ನಿನಲ್ಲಿ 2015ರಿಂದ ಅರ್ನ್‌ಶೋಲ್ಡ್ಸ್‌ವೀಕ್ ಎಂಬ ಊರಿನ ವಿಮಾನಗಳನ್ನು ಸುಂಡ್ಸ್‌ವಾಲ್ ಎಂಬ ಬೇರೊಂದು ಊರಿನಲ್ಲಿ ಕೂತು, ಕ್ಯಾಮೆರಾ ಪರದೆ ನೋಡಿ ನಿಯಂತ್ರಿಸುತ್ತಿದ್ದಾರೆ. ಇನ್ನು ಎಡಿಎಸ್-ಬಿ ಸ್ವೀಕರಿಸುವ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನಗಳು ಬಂದಿವೆ. ಆ ಮಂಗಳೂರಿನ ಸಾವುಗಳ ನಂತರ ಆಸ್ಟ್ರೇಲಿಯಾ ಸರಕಾರ ಇಂಥ ಸಾಧನ ಕೊಳ್ಳಲು ಅರ್ಧ ಹಣ ಕೊಡುವ ಯೋಜನೆಯನ್ನೂ ತಂದಿತು. ಒಳ್ಳೆಯದೇ. ಆದರೆ ಗಮನಿಸಿ, ಇಲ್ಲೂ ಕೊಳ್ಳುವುದು ಬಿಡುವುದು ವಿಮಾನದವರ ಇಷ್ಟ.

ಟವರ್ ಇರುವುದು ಇಲ್ಲದಿರುವುದು ಪ್ರಕೃತಿ ನಿಯಮವೇನಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. 2013ರಲ್ಲಿ ಅಮೆರಿಕದಲ್ಲಿ ಬಜೆಟ್ ಕಡಿತವಾದಾಗ 149 ಗುತ್ತಿಗೆ ಟವರುಗಳನ್ನು ಮುಚ್ಚುವುದಾಗಿ ಮಾರ್ಚಿನಲ್ಲಿ ಘೋಷಿಸಿದರು. ಗದ್ದಲವಾಯಿತು, ಹಣ ಹೊಂದಿಸಿದರು, ಮೇ ತಿಂಗಳಲ್ಲಿ ಮುಚ್ಚುವುದಿಲ್ಲ ಎಂದರು. ಮುಚ್ಚಿದ್ದರೆ, ಆಮೇಲೆ ಅಲ್ಲೊಂದು ಡಿಕ್ಕಿಯಾಗಿದ್ದರೆ, ಮೊದಲ ಸಾಲಿನಲ್ಲಿ ಯಾರ ಹೆಸರು ಇರುತ್ತಿತ್ತು? ಬಜೆಟ್ಟಿನದಂತೂ ಅಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನಿಗದಿತ ವಿಮಾನವಾಗಲಿ, ಕಲಿಯುವ ಮಕ್ಕಳಾಗಲಿ ದಿನಾ ಏರಿ ಇಳಿಯುವ ಯಾವ ನಿಲ್ದಾಣವನ್ನೂ ಬರೀ ಕಣ್ಣು ಮತ್ತು ದನಿಯ ಮೇಲೆ ನಡೆಸಬೇಡಿ. ನೆಲದ ಮೇಲೆ ಮಾತಾಡುವ ಒಬ್ಬರು, ವಿಮಾನದೊಳಗೆ ಎಚ್ಚರಿಸುವ ಒಂದು ಯಂತ್ರ, ಬೆಂಕಿ ಬಿದ್ದರೆ ಓಡಿಬರಲು ನಾಲ್ಕು ಜನ. ಇವು ಇಲ್ಲದೆ ನಿಲ್ದಾಣ ತೆರೆಯಲು ಅನುಮತಿ ಕೊಟ್ಟವರ ಸಹಿಯೂ ತನಿಖಾ ವರದಿಯ ಕಾರಣಗಳ ಪಟ್ಟಿಯಲ್ಲಿ ಬರಲಿ, ಪೈಲಟ್‌ನ ಹೆಸರಿನ ಪಕ್ಕದಲ್ಲೇ. ರಿಬ್ಬನ್ ಕತ್ತರಿಸುವ ದಿನ ಫೋಟೋದಲ್ಲಿ ಇದ್ದವರು ಆ ದಿನವೂ ಇರಲಿ. ಊರಿಗೊಂದು ವಿಮಾನ ನಿಲ್ದಾಣ ಬೇಕೆಂದು ನಮ್ಮ ಪ್ರತಿ ಜಿಲ್ಲೆಯೂ ಕೇಳುತ್ತಿರುವ ಈ ಕಾಲದಲ್ಲಿ, ರನ್‌ವೇ ಎಷ್ಟು ಉದ್ದ ಎಂದು ಕೇಳುವ ಪತ್ರಕರ್ತರು ಬೆಂಕಿ ಆರಿಸುವವರು ಎಷ್ಟು ಜನ ಎಂದೂ ಕೇಳಲಿ.

ಕಳೆದ ವಾರ ತಮ್ಮನಿಗೆ ಫೋನ್ ಮಾಡಿದ್ದೆ. ಅವರ ಶಾಲೆಯ ಎರಡು ವಿಮಾನಗಳಲ್ಲಿ ಬೇರೆ ವಿಮಾನಗಳನ್ನು ತೋರಿಸುವ ಪರದೆ ಉಂಟು, ಮೂರನೆಯದರಲ್ಲಿ ಇಲ್ಲ ಎಂದ. ಅವನಿಗೆ ಯಾವುದು ಸಿಗುತ್ತದೆ ಎಂಬುದು ಆ ದಿನದ ಪಟ್ಟಿಯ ಮೇಲೆ. "ರೇಡಿಯೊದಲ್ಲಿ ನನ್ನ ಇಂಗ್ಲಿಷ್ ಅಲ್ಲಿಯವರಿಗೆ ಒಂದೇ ಸಲಕ್ಕೆ ಅರ್ಥ ಆಗುದಿಲ್ಲ ಅಕ್ಕ, 'ಮತ್ತೆ ಹೇಳಿ' ಅಂತಾರೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಚಿಕ್ಕಮ್ಮನಿಗೆ ಪರದೆಯ ವಿಷಯ ಹೇಳಲಿಲ್ಲ. ಅವನು ಸುಖವಾಗಿದ್ದಾನೆ, ಮೊನ್ನೆ ಒಬ್ಬನೇ ಹಾರಿಸಿದನಂತೆ ಎಂದೆ. ಅವರು ದೇವರಿಗೆ ದೀಪ ಹಚ್ಚಿ ಬಂದು ಮತ್ತೆ ಫೋನ್ ಹಿಡಿದರು.

"ಅವನು ಸಣ್ಣದಿರುವಾಗಿಂದ ಮೆತ್ತಗೆ ಮಾತಾಡುದು. ಊಟಕ್ಕೆ ಬಾ ಅಂತ ಕರೆದ್ರೆ 'ಬಂದೆ' ಅಂದದ್ದೂ ನಮಗೆ ಕೇಳ್ತಿರ್ಲಿಲ್ಲ. ಅಲ್ಲಿ ಆದ್ರೂ ಸ್ವಲ್ಪ ದೊಡ್ಡಕ್ಕೆ ಮಾತಾಡ್ಲಿಕ್ಕೆ ಹೇಳು ಮಗಾ."